ಅಲ್ಯೂಮಿನಿಯಂ ತಂತಿ ಜಾಯಿಂಟಿನಲ್ಲೇ ಯಾಕೆ ಸುಡುತ್ತದೆ?

ತೀರ್ಥಹಳ್ಳಿ, ಹೊಸನಗರ ಕಡೆಯ ಹಳೇ ಮನೆಗಳ ಮೇನ್ ಬೋರ್ಡ್ ಬಿಚ್ಚಿದವರಿಗೆ ಈ ನೋಟ ಹೊಸದಲ್ಲ. ತಂತಿಯುದ್ದಕ್ಕೂ ಏನೂ ಆಗಿರುವುದಿಲ್ಲ. ಸ್ಕ್ರೂ ಹಿಡಿದಿರುವ ಅರ್ಧ ಇಂಚು ಮಾತ್ರ ಕಪ್ಪಗಾಗಿ, ಸುತ್ತ ಬಿಳಿ ಪುಡಿ ಕೂತು, ತಂತಿಯ ಪಿವಿಸಿ ಹೊದಿಕೆ ಕರಗಿ ಹಿಂದೆ ಸರಿದಿರುತ್ತದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ವಿದ್ಯುತ್ ಹರಿಯತೊಡಗಿದ ಕಾಲಕ್ಕೆ ದೇಶದಲ್ಲಿ ತಾಮ್ರ ಸಾಲುತ್ತಿರಲಿಲ್ಲ, ಹೆಚ್ಚಿನದು ಹೊರಗಿನಿಂದಲೇ ಬರಬೇಕಿತ್ತು. ಬಾಕ್ಸೈಟ್ ಮಾತ್ರ ನಮ್ಮಲ್ಲೇ ಧಾರಾಳ. 1970ರ ಸುಮಾರಿಗೆ ಬೆಳಗಾವಿಯಲ್ಲೇ ಅಲ್ಯೂಮಿನಿಯಂ ಕಾರ್ಖಾನೆ ಶುರುವಾಯಿತು. ಹೀಗೆ ಕಂಬದ ಮೇಲಿದ್ದ ಲೋಹ ಮನೆಯೊಳಗೂ ಬಂತು. ತಾಮ್ರ ತುಟ್ಟಿಯಾಗಿ ಅಮೆರಿಕದವರೂ 1965ರಿಂದ 1973ರವರೆಗೆ ಇದನ್ನೇ ಮಾಡಿದರು. 1972ಕ್ಕಿಂತ ಹಿಂದಿನ ಅಂಥ ಮನೆಗಳಲ್ಲಿ ಯಾವುದಾದರೂ ಜಾಯಿಂಟು ಬೆಂಕಿ ಹತ್ತುವಷ್ಟು ಕಾಯುವ ಸಂಭವ, ತಾಮ್ರದ ಮನೆಗಿಂತ 55 ಪಟ್ಟು ಹೆಚ್ಚು ಎಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗವೇ ಹೇಳಿತು.

ಅಲ್ಯೂಮಿನಿಯಂ ಗಾಳಿಗೆ ತಾಗಿದ ಕ್ಷಣವೇ ಮೈಮೇಲೆ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಪಾತ್ರೆ ತುಕ್ಕು ಹಿಡಿಯದಂತೆ ಕಾಯುವುದೂ ಈ ಪದರವೇ. ಆದರೆ ಅದರ ಮೂಲಕ ಕರೆಂಟು ಹರಿಯದು. ಸ್ಕ್ರೂ ಬಿಗಿದಾಗ ಪದರ ಒಡೆದ ಕಡೆಗಳಲ್ಲಷ್ಟೇ ಲೋಹಕ್ಕೆ ಲೋಹ ತಾಗುತ್ತದೆ. ಕರೆಂಟೆಲ್ಲ ಅಷ್ಟೇ ಜಾಗದಲ್ಲಿ ನುಗ್ಗಬೇಕಾಗಿ ಅಲ್ಲೇ ಕಾವು ಏಳುತ್ತದೆ. ಇನ್ನು ಕಾವಿನ ಲೆಕ್ಕ: ಒಂದು ಡಿಗ್ರಿ ಏರಿದರೆ ಒಂದು ಮೀಟರ್ ಅಲ್ಯೂಮಿನಿಯಂ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, ತಾಮ್ರ 17, ಉಕ್ಕು 12. ಉಕ್ಕಿನ ಸ್ಕ್ರೂ ಅಷ್ಟು ಹಿಗ್ಗದು. ಮೆತ್ತಗಿನ ತಂತಿ ಅದರ ಕೆಳಗೆ ಅಪ್ಪಚ್ಚಿಯಾಗಿ ಪಕ್ಕಕ್ಕೆ ಸರಿಯುತ್ತದೆ, ತಣ್ಣಗಾದಾಗ ಹಿಡಿತ ಸಡಿಲ. ಸಂದಿಗೆ ಗಾಳಿ ಹೊಕ್ಕು ಮತ್ತೆ ಆಕ್ಸೈಡ್, ಮತ್ತಷ್ಟು ಕಾವು. ತೋಟದ ಪಂಪ್‌ಸೆಟ್ ದಿನಾ ಆನ್-ಆಫ್ ಆದಾಗೆಲ್ಲ ಇದೇ ಪುನರಾವರ್ತನೆ.

ಲೈಟು ಮಿಣುಕಿದರೆ ಸ್ಕ್ರೂ ಇನ್ನೊಂದು ಸುತ್ತು ತಿರುಗಿಸುವುದು ನಮ್ಮೂರ ರೂಢಿ. ನನ್ನ ಪ್ರಕಾರ ಅದು ರೋಗ ಮುಚ್ಚಿಡುವ ಕೆಲಸ, ತಂತಿ ಇನ್ನಷ್ಟು ತೆಳುವಾಗುತ್ತದೆ ಅಷ್ಟೆ. ಸುಟ್ಟ ತುದಿ ಕತ್ತರಿಸಿ, ಆಕ್ಸೈಡ್ ಮತ್ತೆ ಕಟ್ಟದಂತೆ ತಡೆಯುವ ಜಾಯಿಂಟ್ ಪೇಸ್ಟ್ ಹಚ್ಚಿ ಉಜ್ಜಿ, ತಾಮ್ರ-ಅಲ್ಯೂಮಿನಿಯಂ ಎರಡಕ್ಕೂ ಹೊಂದುವ ಬೈಮೆಟಲ್ ಲಗ್ (ತಂತಿಯ ತುದಿಗೆ ತೊಡಿಸುವ ಲೋಹದ ತುಂಡು) ಹಾಕಿ ಕ್ರಿಂಪ್ ಮಾಡಿಸಬೇಕು, ಅಂದರೆ ಇಕ್ಕಳದಂಥ ಉಪಕರಣದಿಂದ ಒತ್ತಿ ಬಿಗಿಸಬೇಕು. ಮೇನ್ ಆಫ್ ಮಾಡಿ, ಕೆಲಸ ಬಲ್ಲವರಿಂದಲೇ.

ಈಗಿನ ಮನೆಯೊಳಗೆಲ್ಲ ತಾಮ್ರ. ಆದರೆ ಕಂಬದಿಂದ ಬರುವ ಸರ್ವಿಸ್ ವೈರ್ ಸಾಮಾನ್ಯವಾಗಿ ಅಲ್ಯೂಮಿನಿಯಮ್ಮೇ. ಎರಡೂ ಸೇರುವ ಜಾಗ ಎಷ್ಟೋ ಕಡೆ ಸೂರಿನ ಕೆಳಗೆ, ಇರಿಚಲು ಹೊಡೆಯುವಲ್ಲಿ. ನೀರು ಬಿದ್ದರೆ ಎರಡು ಲೋಹಗಳ ನಡುವೆ ಪುಟ್ಟ ಬ್ಯಾಟರಿಯೇ ಹುಟ್ಟಿ ಅಲ್ಯೂಮಿನಿಯಂ ಸವೆಯುತ್ತದೆ. ತಾಮ್ರ ಮೇಲಿದ್ದರಂತೂ ಅದರ ಲವಣ ತೊಳೆದು ಕೆಳಗಿನ ಅಲ್ಯೂಮಿನಿಯಂ ಮೇಲೆ ಇಳಿದು ಸವೆತ ಇನ್ನೂ ಜೋರು. ತಾಮ್ರದ ತುದಿ ಕೆಳಗೇ ಇರಲಿ, ಜಾಯಿಂಟಿಗೆ ಮುಚ್ಚಿದ ಡಬ್ಬಿ ಇರಲಿ. ಇದನ್ನು ಮಳೆ ಹಿಡಿಯುವ ಮೊದಲೇ, ಮೇ ತಿಂಗಳೊಳಗೆ ನೋಡಿಸಿಕೊಳ್ಳಿ.