ಭಾವ ಕೊಟ್ಟ ಲ್ಯಾಪ್‌ಟಾಪಿಗೆ ಯಾವ ವಿಂಡೋಸ್?

ದೀಪಾವಳಿಗೆ ಬಂದಿದ್ದ ಭಾವ ತಮ್ಮ ಹಳೇ ಲ್ಯಾಪ್‌ಟಾಪನ್ನು ನನ್ನ ಮಗಳಿಗೆ ಕೊಟ್ಟು ಹೋದರು. 2011ರದ್ದು. ಎರಡನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಕೈ ಇಡುವ ಜಾಗದಲ್ಲಿ ವಿಂಡೋಸ್ 7ರ ಮಾಸಿದ ಸ್ಟಿಕ್ಕರ್. ಒಳಗಿದ್ದದ್ದು ವಿಂಡೋಸ್ 10. ಆನ್ ಮಾಡಿ, ಕಾಫಿ ಕುಡಿದು ಬಂದರೂ ಹಾರ್ಡ್ ಡಿಸ್ಕಿನ ಲೈಟು ಮಿಣುಕುತ್ತಲೇ ಇತ್ತು.

"ಹಳೇ ಮೆಷಿನ್ನಿಗೆ ಹಳೇದೇ ಹಾಕಿ ಸಾರ್, ವಿಂಡೋಸ್ 7 ಹಾಕಿದ್ರೆ ಓಡುತ್ತೆ" ಎಂದರು ಪಕ್ಕದ ಮನೆಯವರು. ಕೇಳೋಕೆ ಸರಿಯಾಗೇ ಇದೆ ಅಲ್ವಾ? ನಿಜ, ಆನ್ ಆಗುವುದು ಬೇಗ ಆಗುತ್ತದೆ. ಆದರೆ ಮಗಳು ಅದರಲ್ಲಿ ಮಾಡುವುದೆಲ್ಲ ಬ್ರೌಸರ್‌ನಲ್ಲಿ. ವಿಂಡೋಸ್ 7ಕ್ಕೆ ಸಿಗುವ ಕೊನೆಯ ಕ್ರೋಮ್ 109, ಅದೂ 2023ರ ಶುರುವಿನದು. ಇವತ್ತಿನ ವೆಬ್‌ಸೈಟುಗಳೇನೂ ಹಳೇ ಮೆಷಿನ್ ಅಂತ ತಮ್ಮ ಭಾರ ಇಳಿಸಿಕೊಳ್ಳುವುದಿಲ್ಲ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣದು. ವಿಂಡೋಸ್ 7ರ ಮಾಮೂಲಿ ಅಪ್‌ಡೇಟ್ 2020ರ ಜನವರಿಯಲ್ಲೇ ನಿಂತಿತು. ವಿಂಡೋಸ್‌ನ ಹೊಸ ಆವೃತ್ತಿಯಲ್ಲಿ ಭದ್ರತೆಯ ಒಂದು ತೂತು ಮುಚ್ಚಿದಾಗ, ತೂತು ಎಲ್ಲಿತ್ತು ಅಂತ ಆ ಅಪ್‌ಡೇಟನ್ನು ಬಿಚ್ಚಿ ನೋಡಿದವರಿಗೆ ಗೊತ್ತಾಗಿಬಿಡುತ್ತದೆ. ಅದೇ ಕೋಡ್ ಹಳೆಯದರಲ್ಲೂ ಇದ್ದರೆ ಅಲ್ಲಿನ ತೂತು ತೆರೆದೇ ಇರುತ್ತದೆ. ಕಳ್ಳನಿಗೆ ನಾವೇ ಮನೆ ತೋರಿಸಿದ ಹಾಗೆ.

ಹಾಗಾದರೆ ವಿಂಡೋಸ್ 11? ಅದು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಾದರೂ ಆಗಿರಬೇಕು ಅನ್ನುತ್ತದೆ. ಕಣ್ತಪ್ಪಿಸಿ ಒಳಗೆ ಸೇರಿಸುವ ಉಪಾಯಗಳಿವೆ. ಮಗಳ ಓದಿನ ಮೆಷಿನ್ ಮೇಲೆ ಆ ಆಟ ಬೇಡ ಅನ್ನಿಸಿತು. ಇನ್ನು ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಅದಿರಲಿ, ಆ ಲೈಟು ಯಾಕೆ ಅಷ್ಟು ಮಿಣುಕುತ್ತದೆ? ರ‍್ಯಾಮ್ ತುಂಬಿದಾಗ ಸಿಸ್ಟಮ್ಮು ಸದ್ಯಕ್ಕೆ ಬೇಡದ್ದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ವಾಪಸ್ ತರುತ್ತದೆ. ಇದರ ಡಿಸ್ಕು ನಿಮಿಷಕ್ಕೆ 5400 ಸುತ್ತು ತಿರುಗುವಂಥದ್ದು. ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಜಾಗ ಡಿಸ್ಕನ್ನು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಮುಳ್ಳು ಸರಿಯುವ ಹೊತ್ತೂ ಸೇರಿದರೆ ಸುಮಾರು 15 ಮಿಲಿಸೆಕೆಂಡ್. ರ‍್ಯಾಮಿಗೆ ಬೇಕಾಗುವುದು ಸುಮಾರು 100 ನ್ಯಾನೋಸೆಕೆಂಡ್. ಒಂದೂವರೆ ಲಕ್ಷ ಪಟ್ಟು ವ್ಯತ್ಯಾಸ! ಒಗ್ಗರಣೆ ಡಬ್ಬಿಯಿಂದ ಸಾಸಿವೆ ತೆಗೆಯಲು ಒಂದು ಸೆಕೆಂಡ್ ಹಿಡಿದರೆ, ಡಿಸ್ಕಿನ ಲೆಕ್ಕದಲ್ಲಿ ಅದಕ್ಕೆ ಒಂದೂಮುಕ್ಕಾಲು ದಿನ. ಒಲೆ ಮೇಲೆ ಎಣ್ಣೆ ಕಾದು ಏನಾಗಿರಬೇಡ!

ಅದಕ್ಕೇ ನಾನು ಮೊದಲು ಬದಲಾಯಿಸಿದ್ದು ಡಿಸ್ಕನ್ನು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಹುಡುಕಾಟ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿಯುತ್ತದೆ. ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿ, ಹಳೆಯದನ್ನು ಎಳೆದು, ಹೊಸದನ್ನು ಕೂರಿಸಿದರೆ ಆಯಿತು.

ಅದರ ಮೇಲೆ ಹಾಕಿದ್ದು ಯಾವ ವಿಂಡೋಸೂ ಅಲ್ಲ, ಅದರ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ 22, ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಇರುವುದು. 2024ರಲ್ಲಿ ಬಂದದ್ದು, 2029ರವರೆಗೆ ಅಪ್‌ಡೇಟ್ ಇದೆ. ಕನಿಷ್ಠ 2 ಜಿಬಿ ರ‍್ಯಾಮ್ ಸಾಕು, 4 ಇದ್ದರೆ ಆರಾಮ. "4 ಜಿಬಿ ತಾನೇ, 32 ಬಿಟ್ಟಿನ ಹಳೇ ಬಗೆಯ ಸಿಸ್ಟಮ್ ಹಾಕಿ" ಅನ್ನುವವರೂ ಸಿಗುತ್ತಾರೆ. ಕೇಳಬೇಡಿ. ಪ್ರೊಸೆಸರ್ 64 ಬಿಟ್ಟಿನದಾದರೆ ಅದನ್ನೇ ಹಾಕಿ. ಲಿನಕ್ಸಿನದೇ ಇನ್ನೊಂದು ಬಗೆಯಾದ ಡೆಬಿಯನ್‌ನಲ್ಲಿ, 2025ರ 13ನೇ ಆವೃತ್ತಿಯಿಂದ, ಮಾಮೂಲಿ ಪಿಸಿಗೆ 32 ಬಿಟ್ ಇನ್‌ಸ್ಟಾಲರೇ ಇಲ್ಲ.

ಹಾಕುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿದೆ. ಸೌಂಡ್ ಬಂತು, ಕ್ಯಾಮೆರಾ ಬಂತು, ವೈಫೈ ಬರಲಿಲ್ಲ. ಒಳಗಿದ್ದದ್ದು ಬ್ರಾಡ್‌ಕಾಮ್ ಚಿಪ್, ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಬೇರೆಯಾಗಿ ಹಾಕಬೇಕು. ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ಟಿಗೆ ಡ್ರೈವರ್ ಬೇಕು! ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಅದರ ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಡುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ಮಿಂಟ್‌ನ ಡ್ರೈವರ್ ಮ್ಯಾನೇಜರ್ ತಾನೇ ಹುಡುಕಿ ಕೊಟ್ಟಿತು.

ಕಾಲೇಜಿನ ಯಾವುದಾದರೂ ತಂತ್ರಾಂಶ ವಿಂಡೋಸ್ ಇಲ್ಲದೆ ನಡೆಯದು ಅಂದರೆ ಮಾತ್ರ ಈ ಲೆಕ್ಕ ಬೇರೆ. ನಮಗೆ ಆ ಸಮಸ್ಯೆ ಬರಲಿಲ್ಲ. ಬಂದದ್ದು ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶದಲ್ಲಿ ಬರೆದ ಭಾವನ ಹಳೇ ಫೈಲುಗಳದ್ದು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮುಂಚಿನ ಪದ್ಧತಿಯವು, ಒಳಗಿರುವುದೆಲ್ಲ ಇಂಗ್ಲಿಷ್ ಅಕ್ಷರ, ಕನ್ನಡದ ವೇಷ ಹಾಕುವುದು ಫಾಂಟು. ಮಿಂಟ್‌ನಲ್ಲಿ ತೆರೆದಾಗ ಬರೀ ಕಲಸುಮೇಲೋಗರ. ಹಳೇ ಡಿಸ್ಕಿನಿಂದ ಆ ಫಾಂಟನ್ನು ತಂದು ಹಾಕಿದ ಮೇಲೆ ಭಾವ 2012ರಲ್ಲಿ ಬರೆದಿದ್ದ ರಜೆ ಚೀಟಿ ಕಾಣಿಸಿತು. ಕಾರಣ: ಹೊಟ್ಟೆನೋವು.