ಸಪ್ತಾಪುರದಾಗ ಮಾಸ್ತರು, ಸಾಲ್ಯಾಗ ಅತಿಥಿಗಳು

ಧಾರವಾಡದ ಸಪ್ತಾಪುರದಲ್ಲಿ ಕೋಳಿ ಕೂಗುವ ಮೊದಲೇ ಓದುವ ಕೋಣೆಗಳ ದೀಪ ಹತ್ತುತ್ತವೆ. ಒಳಗೆ ಪಿಎಸ್‌ಐ ಆಗಬೇಕೆಂದವರಿದ್ದಾರೆ, ಕೆಎಎಸ್ ಬರೆಯುವವರಿದ್ದಾರೆ. ಡಿ.ಇಡಿ., ಬಿ.ಇಡಿ. ಮುಗಿಸಿ, ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿ ಪಾಸಾಗಿ, ಶಿಕ್ಷಕರ ನೇಮಕಾತಿ ಎಂದು ಕರೆಯುತ್ತಾರೋ ಎಂದು ವರ್ಷಗಟ್ಟಲೆ ದಾರಿ ಕಾಯುತ್ತಿರುವವರೂ ದಂಡಿಯಾಗಿದ್ದಾರೆ. ಅದೇ ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿ ಇನ್ನೊಂದು ಗುಂಪು ನಿಂತಿರುತ್ತದೆ. ಕೈಯಲ್ಲಿ ಬುತ್ತಿ ಡಬ್ಬಿ, ಕಿಸೆಯಲ್ಲಿ ಬಸ್ ಪಾಸು. ಇವರು ಈಗಾಗಲೇ ಮಾಸ್ತರು, ಅಕ್ಕೋರು. ಕಲಘಟಗಿ, ನವಲಗುಂದ, ಶಿಗ್ಗಾಂವಿ ಕಡೆ ದಿನಾ ಅಪ್-ಡೌನ್ ಮಾಡುವವರು. ಇವರು ಹತ್ತುವ ಬಸ್ಸು ಕೊನೆಗೆ ನಿಲ್ಲುವ ಊರಿನ ಆಚೆಗೂ ಸಾಲಿಗಳಿವೆ. ಕಪ್ಪತಗುಡ್ಡದ ಬುಡದ ತಾಂಡಾಗಳಲ್ಲಿ, ಕಲಘಟಗಿಯ ಅಡವಿ ಅಂಚಿನ ಊರುಗಳಲ್ಲಿ. ಅಲ್ಲಿ ಗಣಿತ, ವಿಜ್ಞಾನಕ್ಕೆ ಅತಿಥಿ ಶಿಕ್ಷಕರು, ಎಂದರೆ ಗೌರವಧನಕ್ಕೆ ತಾತ್ಕಾಲಿಕವಾಗಿ ಕಲಿಸುವವರು, ಸಿಕ್ಕರೆ ಪುಣ್ಯ.

ಹೀಗಾಗಿ 'ಮಾಸ್ತರ ಕೊರತೆ' ಎಂಬ ಮಾತು ಕೇಳಿದಾಗಲೆಲ್ಲ ನನಗೆ ಅರ್ಧ ನಂಬಿಕೆ. ವಿದ್ಯಾಕಾಶಿ ಎಂದು ಕರೆಸಿಕೊಳ್ಳುವ ಊರಿನ ಸುತ್ತ ಕಲಿಸಬಲ್ಲವರಿಗೆ ಬರಗಾಲ ಯಾವತ್ತೂ ಇರಲಿಲ್ಲ. ಬಡವರ ಮಕ್ಕಳ ಸಾಲಿಯನ್ನು ನೌಕರಿಯ ಮೊದಲ ಮೆಟ್ಟಿಲು ಮಾಡಿ, ಹತ್ತಿ ದಾಟಿ ಹೋಗಲು ದಾರಿ ಬಿಟ್ಟ ನಿಯಮಗಳು ನಮ್ಮಲ್ಲಿ ಒಂದರ ಮೇಲೊಂದು ಕೂತಿವೆ. ಅವುಗಳಿಗೆ ನೂರೈವತ್ತು ವರ್ಷದ ಇತಿಹಾಸವಿದೆ.

ಅದಕ್ಕೂ ಮೊದಲು ಬಾಗಿಲ ಜಗಳ ನಡೆಯಿತು, ಅದೂ ಧಾರವಾಡದಲ್ಲೇ. 1856ರಲ್ಲಿ ಮಹಾರ ಜಾತಿಯ ಹುಡುಗನೊಬ್ಬ ಮುಂಬೈ ಸರ್ಕಾರಕ್ಕೆ ಅರ್ಜಿ ಹಾಕಿದ. ಫೀ ಕೊಡಲು ತಯಾರಿದ್ದರೂ ಧಾರವಾಡದ ಸರ್ಕಾರಿ ಶಾಲೆ ತನ್ನನ್ನು ಸೇರಿಸಿಕೊಳ್ಳುತ್ತಿಲ್ಲ ಎಂಬುದು ಅವನ ತಕರಾರು. ನ್ಯಾಯ ಹುಡುಗನ ಕಡೆಗೇ ಇದೆ ಎಂದು ಸರ್ಕಾರ ಒಪ್ಪಿತು. ಒಪ್ಪಿಯೂ, ಒಬ್ಬನ ಸಲುವಾಗಿ ಉಳಿದವರೆಲ್ಲ ಶಾಲೆ ಬಿಟ್ಟು ಹೋಗುವ ಹಾಗೆ ಮಾಡಲಾಗದು ಎಂದು ಕೈ ತೊಳೆದುಕೊಂಡಿತು. ವಿಷಯ ಲಂಡನ್ನಿನ ಕಂಪನಿ ನಿರ್ದೇಶಕರ ಮುಂದೆ ಹೋಯಿತು. ಸರ್ಕಾರದ ಹಣದಲ್ಲಿ ನಡೆಯುವ ಶಾಲೆ ಎಲ್ಲ ಜಾತಿಯವರಿಗೂ ತೆರೆದಿರಬೇಕು ಎಂದು 1858ರಲ್ಲಿ ಉತ್ತರ ಬಂತು. ಅಂಬೇಡ್ಕರ್ ಮುಂದೆ ತಮ್ಮ ಬರವಣಿಗೆಯಲ್ಲಿ ಈ ಪ್ರಕರಣವನ್ನು ಎತ್ತಿ ತೋರಿಸಿದರು. ಕಾಗದದ ಮೇಲೆ ಬಾಗಿಲು ತೆರೆಯಿತು. ಒಳಗೆ ಕಲಿಸಲು ಯಾರು ನಿಂತಿರುತ್ತಾರೆ ಎಂಬುದನ್ನು ಆ ಉತ್ತರ ಹೇಳಲಿಲ್ಲ, ಕೇಳಿದವರೂ ಇರಲಿಲ್ಲ.

ಆಗ ಕಲಿಸುವವರೇ ಕಡಿಮೆ ಎಂಬುದೂ ನಿಜ. ದಫ್ತರವೆಲ್ಲ ಮರಾಠಿಯಲ್ಲಿದ್ದ ಸೀಮೆಯಲ್ಲಿ ಕನ್ನಡ ಸಾಲಿ ತೆಗೆದು, ಅದಕ್ಕೆ ಕನ್ನಡ ಬಲ್ಲ ಮಾಸ್ತರರನ್ನು ತಯಾರು ಮಾಡುವುದೇ ಡೆಪ್ಯುಟಿ ಚನ್ನಬಸಪ್ಪನವರಂಥವರ ಅರ್ಧ ಆಯುಷ್ಯ ತಿಂದಿತು. ಧಾರವಾಡದ ಟ್ರೇನಿಂಗ್ ಕಾಲೇಜು ಆ ಕಾಲದ ಫಲ. ನಮ್ಮ ಹಿರಿಯರ ಬಾಯಲ್ಲಿ ಇವತ್ತಿಗೂ 'ಮುಲ್ಕಿ ಪಾಸು' ಎಂಬ ಮಾತು ಉಳಿದಿದೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ದಾಟಿದವನಿಗೆ ಮಾಸ್ತರಿಕೆ ಸಿಗುತ್ತಿತ್ತು. ಟ್ರೇನಿಂಗ್ ಮುಗಿಸಿದವನಿಗೆ ಹೆಚ್ಚು ಪಗಾರ, ಮುಗಿಸದವನಿಗೆ ಕಡಿಮೆ. ಕಡಿಮೆ ಪಗಾರದ 'ಅನ್‌ಟ್ರೇನ್ಡ್' ಮಾಸ್ತರರು ಸೇರುತ್ತಿದ್ದದ್ದು ಏಕೋಪಾಧ್ಯಾಯ ಶಾಲೆಗಳಿಗೆ. ತರಬೇತಿಯಾದವರು ಪೇಟೆಯಲ್ಲಿ, ಆಗದವರು ಹಳ್ಳಿಯಲ್ಲಿ ಎಂಬ ಪಾಲು ಆಗಲೇ ಬಿದ್ದಿತ್ತು. 1923ರ ಮುಂಬೈ ಪ್ರಾಥಮಿಕ ಶಿಕ್ಷಣ ಕಾಯ್ದೆ ಸಾಲಿಗಳನ್ನು ಲೋಕಲ್ ಬೋರ್ಡಿಗೆ ಒಪ್ಪಿಸಿದ ಮೇಲೆ ಮಾಸ್ತರರ ಬದಲಿಯ ಸೂತ್ರ ಊರ ಗೌಡರು, ಬೋರ್ಡಿನ ಮೆಂಬರರ ಕೈಗೆ ಬಂತು. ಅದೂ ಎಲ್ಲ ಕಡೆಗಲ್ಲ. ಶಿರಹಟ್ಟಿ ಸಾಂಗ್ಲಿಯವರದು, ಕುಂದಗೋಳ ಜಮಖಂಡಿಯವರದು, ಸವಣೂರು ನವಾಬರದು. ಅಲ್ಲಿನ ಸಾಲಿ ಆಯಾ ಸಂಸ್ಥಾನದ ಖಜಾನೆ ಇದ್ದ ಹಾಗೆ. 1948ರಲ್ಲಿ ಈ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾದವು, 1956ರ ಏಕೀಕರಣದಿಂದ ಎಲ್ಲವೂ ಕನ್ನಡ ರಾಜ್ಯದ ಇಲಾಖೆಯ ಕೆಳಗೆ ಬಂದವು. ಹಳೆಯ ಪಾಲು ಹಾಗೇ ಉಳಿಯಿತು.

ಅದು ನಿಜವಾಗಿ ಅಲುಗಾಡಿದ್ದು ಒಂದೇ ಸಲ. 1994ರಿಂದ 1999ರವರೆಗೆ ಶಿಕ್ಷಣ ಸಚಿವರಾಗಿದ್ದ ಎಚ್.ಜಿ. ಗೋವಿಂದೇಗೌಡರ ಕಾಲದಲ್ಲಿ ಲಕ್ಷದಷ್ಟು ಪ್ರಾಥಮಿಕ ಶಿಕ್ಷಕರ ನೇಮಕವಾಯಿತು. ಟಿಸಿಎಚ್ ಎಂಬ ಶಿಕ್ಷಕ ತರಬೇತಿಯ ಅಂಕ ನೋಡಿ ಪಟ್ಟಿ ಮಾಡಿದರು, ವಶೀಲಿ ನಡೆಯಲಿಲ್ಲ. ರೊಕ್ಕ ಕೊಡದೆ ನೌಕರಿ ಸಿಕ್ಕಿತು ಎಂದು ನಂಬಲಾಗದೆ ಆದೇಶದ ಪತ್ರವನ್ನು ಮತ್ತೆ ಮತ್ತೆ ಓದಿಸಿ ಕೇಳಿದ ತಂದೆಯರ ಕಥೆ ಹಾವೇರಿ ಕಡೆ ಈಗಲೂ ಹೇಳುತ್ತಾರೆ. ಒಕ್ಕಲಿಗರ, ಕೂಲಿಕಾರರ ಮನೆಯ ಹೆಣ್ಣುಮಕ್ಕಳು ಅಕ್ಕೋರಾಗಿ ಪಕ್ಕದ ಊರಿನ ಸಾಲಿಗೇ ಬಂದರು. ಇವತ್ತು ಗದಗ, ಹಾವೇರಿಯ ಹಳ್ಳಿಗಳಲ್ಲಿ ಬೇರೂರಿರುವ ಅನುಭವಿ ಶಿಕ್ಷಕರಲ್ಲಿ ಬಹಳಷ್ಟು ಮಂದಿ ಆ ತಂಡದವರೇ. ಒಂದು ಲೆಕ್ಕ ಹಾಕಿ. 1996ರಲ್ಲಿ ಮೂವತ್ತು ವಯಸ್ಸಾಗಿದ್ದವರಿಗೆ 2026ಕ್ಕೆ ಅರವತ್ತು, ಎಂದರೆ ನಿವೃತ್ತಿ. ಇಪ್ಪತ್ತೈದಿದ್ದವರಿಗೆ ಇನ್ನೈದು ವರ್ಷ. ಒಟ್ಟಿಗೆ ಬಂದವರು ಒಟ್ಟಿಗೇ ಹೋಗುತ್ತಾರೆ. ಇದು ಮೂವತ್ತು ವರ್ಷ ಮೊದಲೇ ಗೊತ್ತಿದ್ದ ಸಂಗತಿ. ಪಂಚಾಂಗ ನೋಡುವ ಅಗತ್ಯವೂ ಇರಲಿಲ್ಲ, ಸೇವಾ ಪುಸ್ತಕ ತೆರೆದರೆ ಸಾಕಿತ್ತು.

ಆ ಅಲೆಯ ನಡುವೆಯೇ, 1997ರಲ್ಲಿ, ಧಾರವಾಡ ಜಿಲ್ಲೆ ಮೂರಾಯಿತು. ಗದಗ, ಹಾವೇರಿಗೆ ತಮ್ಮದೇ ಕಚೇರಿ ಬಂದದ್ದು ಒಳ್ಳೆಯದೇ. ಆದರೆ ಪ್ರಾಥಮಿಕ ಶಿಕ್ಷಕರ ಜ್ಯೇಷ್ಠತೆ ಜಿಲ್ಲೆಯ ಮಟ್ಟದ್ದು. ಒಂದೇ ಜಿಲ್ಲೆಯೊಳಗಿನ ಬದಲಿ ಅನ್ನಿಸಿಕೊಳ್ಳುತ್ತಿದ್ದದ್ದು ರಾತ್ರೋರಾತ್ರಿ ಅಂತರ್ ಜಿಲ್ಲಾ ವರ್ಗಾವಣೆಯಾಯಿತು. ಗಂಡ ಹುಬ್ಬಳ್ಳಿಯ ರೈಲ್ವೆಯಲ್ಲಿ, ಹೆಂಡತಿ ಮುಂಡರಗಿಯ ಸಾಲಿಯಲ್ಲಿ ಇದ್ದರೆ ಆ ಸಂಸಾರದ ಲೆಕ್ಕವೇ ಬದಲಾಯಿತು. ಜ್ಯೇಷ್ಠತೆ ಬಿಟ್ಟುಕೊಟ್ಟಾದರೂ ಈ ಕಡೆ ಬರುತ್ತೇನೆ ಎನ್ನುವವರ ಸಾಲು ಅಂದಿನಿಂದ ಮುಗಿದಿಲ್ಲ.

ಈ ವರ್ಗಾವಣೆಯ ಸರದಿಗೆ ಒಂದು ರೀತಿ ಬರಲಿ ಎಂದು 2007ರಲ್ಲಿ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ ಬಂತು. ರಾಜ್ಯವನ್ನು ಎ, ಬಿ, ಸಿ ಎಂದು ವಲಯ ಮಾಡಿದರು. ಸ್ಥೂಲವಾಗಿ ದೊಡ್ಡ ಪಟ್ಟಣ ಎ, ತಾಲ್ಲೂಕು ಕೇಂದ್ರ ಬಿ, ಉಳಿದದ್ದು ಸಿ. ಕೌನ್ಸೆಲಿಂಗ್ ಕಂಪ್ಯೂಟರಿಗೆ ಬಂದು, ಶಾಸಕರ ಮನೆ ಬಾಗಿಲು ಕಾಯುವುದು ಕಡಿಮೆಯಾಯಿತು. ಅಷ್ಟರ ಮಟ್ಟಿಗೆ ಕಾಯ್ದೆ ದೊಡ್ಡ ಕೆಲಸ ಮಾಡಿತು. ಆದರೆ ಹೊಸಬರು ಸಿ ವಲಯದಲ್ಲಿ ಶುರುಮಾಡಿ, ವರ್ಷ ಎಣಿಸಿ, ಎ ಕಡೆಗೆ ಬರುವುದನ್ನು ಅದೇ ಕಾಯ್ದೆ ಸಹಜ ದಾರಿ ಮಾಡಿಬಿಟ್ಟಿತು. ಹುಡುಗರನ್ನು ಹಿಡಿದು ಕೂಡಿಸುವುದು, ಮೂರು ತರಗತಿಗೆ ಒಟ್ಟಿಗೆ ಪಾಠ ಮಾಡುವುದು, ಮನೆಯಲ್ಲಿ ಲಂಬಾಣಿ ಮಾತಾಡುವ ಮಗುವಿಗೆ ಕನ್ನಡ ಅಕ್ಷರ ಹಿಡಿಸುವುದು, ಇವೆಲ್ಲ ಕೈಗೆ ಹತ್ತುವ ಹೊತ್ತಿಗೆ ಮಾಸ್ತರರಿಗೆ ಬದಲಿ. ಮತ್ತೆ ಹೊಸಬರು. ತಾಂಡಾದ ಸಾಲಿ ನಾಟಕ ಕಂಪನಿಯ ತಾಲೀಮು ಮನೆಯಿದ್ದ ಹಾಗೆ. ಕಲಿಯುವುದು ಇಲ್ಲಿ, ಆಟ ಬೇರೆ ಊರಲ್ಲಿ.

ಎದುರು ದಿಕ್ಕಿನ ವರ್ಗಾವಣೆಯ ಪ್ರಯತ್ನವೂ ನಡೆಯಿತು. ಎ ವಲಯದಲ್ಲೇ ಬಹಳ ಕಾಲ ಇದ್ದವರನ್ನು ಸಿ ವಲಯಕ್ಕೆ ಕಳಿಸುವ 'ಕಡ್ಡಾಯ ವರ್ಗಾವಣೆ' 2019ರಲ್ಲಿ ನಡೆದಾಗ ಎದ್ದ ಗದ್ದಲ ಬಹಳರಿಗೆ ನೆನಪಿರಬಹುದು. ಐವತ್ತು ದಾಟಿದವರು, ಬಿಪಿ ಶುಗರ್ ಇದ್ದವರು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯಿದ್ದವರು ಅಳುತ್ತಾ ಹೋದರು. ಕಡ್ಡಾಯ ಎನ್ನುವುದೇ ಶಿಕ್ಷೆಯ ಹಾಗೆ ಕೇಳುತ್ತದೆ ಎಂಬ ಮಾತು ಬಂದು, 2020ರಲ್ಲಿ ಹೊಸ ಕಾಯ್ದೆಯಾಯಿತು. ಶಿಕ್ಷಕರ ನೋವು ಸುಳ್ಳಲ್ಲ. ಆದರೆ ಬಡವರ ಮಕ್ಕಳ ಸಾಲಿಗೆ ಹೋಗುವುದು ಶಿಕ್ಷೆ ಎಂದು ಎರಡೂ ಕಡೆಯವರು ಒಪ್ಪಿಕೊಂಡೇ ವಾದ ಮಾಡಿದರು ಎಂಬುದು ನನಗೆ ಇವತ್ತಿಗೂ ಚುಚ್ಚುತ್ತದೆ.

ಯಾಕೆ ಶಿಕ್ಷೆ ಅನ್ನಿಸುತ್ತದೆ ಎಂದು ಪಗಾರದ ಚೀಟಿ ನೋಡಿದರೆ ಒಂದು ಕಾರಣ ಸಿಗುತ್ತದೆ. ರಾಜ್ಯದ ಏಳನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟಿನಿಂದ ಮನೆ ಬಾಡಿಗೆ ಭತ್ಯೆಗೆ ಮೂರು ದರ: 20, 15 ಮತ್ತು 7.5 ಶೇಕಡಾ. ಐದು ಲಕ್ಷ ದಾಟಿದ ಜನಸಂಖ್ಯೆಯ ಹುಬ್ಬಳ್ಳಿ-ಧಾರವಾಡಕ್ಕೆ 15, ಹಳ್ಳಿಗೆ 7.5. ಮೂಲ ವೇತನ 50,000 ಇದ್ದರೆ ಹುಬ್ಬಳ್ಳಿಯ ಶಿಕ್ಷಕರಿಗೆ 7,500 ರೂಪಾಯಿ, ಶಿರಹಟ್ಟಿ ತಾಲ್ಲೂಕಿನ ಹಳ್ಳಿಯವರಿಗೆ 3,750. ಹಳ್ಳಿಯಲ್ಲಿ ಬಾಡಿಗೆ ಕಡಿಮೆ ಎಂಬುದು ಇದರ ಹಿಂದಿನ ತರ್ಕ. ಬಾಡಿಗೆಗೆ ಮನೆಯೇ ಸಿಗದ ಊರಿನ ಮಾಸ್ತರರು ಪಟ್ಟಣದಲ್ಲಿ ಮನೆ ಮಾಡಿ, ಬಸ್ ಪಾಸಿಗೂ ದುಡ್ಡು ಹಾಕಿ, ಅರ್ಧ ಭತ್ಯೆ ತೆಗೆದುಕೊಳ್ಳುತ್ತಾರೆ. ಕಷ್ಟದ ಕಡೆ ಹೋದವರಿಗೆ ಕಡಿಮೆ ಕೊಡುವ ಈ ಪದ್ಧತಿ ಎಲ್ಲ ಇಲಾಖೆಗಳದು. ಕಂದಾಯ ಇಲಾಖೆಯ ಕಡತ ಒಂದು ವಾರ ಕಾದೀತು, ಒಂದನೇ ತರಗತಿ ಕಾಯುವುದಿಲ್ಲ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಓದಿದರೆ ಎಲ್ಲ ಸರಿಯಿರಬೇಕಿತ್ತು. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಆರರಿಂದ ಎಂಟಕ್ಕೆ ಗಣಿತ-ವಿಜ್ಞಾನ, ಸಮಾಜ, ಭಾಷೆ ಎಂದು ವಿಷಯಕ್ಕೊಬ್ಬರು. ಯಾವ ಶಾಲೆಯಲ್ಲೂ ಖಾಲಿ ಹುದ್ದೆ ಶೇಕಡಾ 10 ಮೀರಬಾರದು. ಇಬ್ಬರೇ ಶಿಕ್ಷಕರಿರುವ ಸಾಲಿಯಲ್ಲಿ ಒಬ್ಬರು ನಿವೃತ್ತರಾದರೆ ಖಾಲಿ ಹುದ್ದೆ ಶೇಕಡಾ 50. ಉಳಿದೊಬ್ಬರು ಬಿಸಿಯೂಟದ ಲೆಕ್ಕ, ಹಾಲು ಮೊಟ್ಟೆ, ಎಸ್‌ಎಟಿಎಸ್ ತಂತ್ರಾಂಶಕ್ಕೆ ಮಕ್ಕಳ ಮಾಹಿತಿ, ಬಿಇಒ ಕಚೇರಿಯ ಮೀಟಿಂಗು ಮುಗಿಸಿ ಐದು ತರಗತಿಗಳಿಗೆ ಪಾಠ ಹೇಳಬೇಕು. 2025ರ ದಸರೆಯಲ್ಲಿ ಜಾತಿ ಸಮೀಕ್ಷೆಗೆ ಶಿಕ್ಷಕರು ಮನೆ ಮನೆ ತಿರುಗಿದಾಗ ಸರ್ಕಾರಿ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಖಾಸಗಿ ಶಾಲೆಯ ಮಕ್ಕಳು ಅಷ್ಟರಲ್ಲಿ ಎರಡು ಪಾಠ ಮುಗಿಸಿದ್ದರು.

ಹುದ್ದೆ ತುಂಬಿಲ್ಲ ಎಂದಲ್ಲ, ತುಂಬಿದ ರೀತಿ ವಕ್ರ. ಆರರಿಂದ ಎಂಟಕ್ಕೆ ಪದವೀಧರ ಶಿಕ್ಷಕರು ಎಂಬ ಹೊಸ ವೃಂದ ಮಾಡಿ, ಅಲ್ಲಿಯವರೆಗೆ ಏಳನೆಯ ತರಗತಿಗೂ ಕಲಿಸುತ್ತಿದ್ದವರನ್ನು 'ಒಂದರಿಂದ ಐದು' ಎಂದು ಕೆಳಗಿಟ್ಟರು. ಅದರ ಮುನಿಸು ಇನ್ನೂ ಆರಿಲ್ಲ. 2022ರಲ್ಲಿ 15,000 ಪದವೀಧರ ಶಿಕ್ಷಕರಿಗೆ ಪರೀಕ್ಷೆ ನಡೆಯಿತು. ಅದರಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೆ. ಆಮೇಲೆ ವಿವಾಹಿತ ಮಹಿಳೆಯ ಆದಾಯ ಪ್ರಮಾಣಪತ್ರ ತಂದೆಯದಿರಬೇಕೋ ಗಂಡನದಿರಬೇಕೋ ಎಂದು ಹೈಕೋರ್ಟಿನಲ್ಲಿ ವ್ಯಾಜ್ಯ ನಡೆದು ಆದೇಶ ತಡವಾಯಿತು. ಕಲ್ಯಾಣ ಕರ್ನಾಟಕಕ್ಕೆ ನೌಕರಿ, ಶಿಕ್ಷಣದಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ಕಲಂ ಇದೆ, ಅದು ನ್ಯಾಯವೇ. ಗದಗ ಜಿಲ್ಲೆಯ ಗಡಿ ದಾಟಿದರೆ ಕೊಪ್ಪಳ. ಅದೇ ಎರೆಮಣ್ಣು, ಅದೇ ಮಳೆಗಾಲದ ಕಣ್ಣಾಮುಚ್ಚಾಲೆ, ದುಡಿಯಲು ಮಂಗಳೂರು-ಗೋವಾಕ್ಕೆ ಅದೇ ಗುಳೆ. ಅಲ್ಲಿ ನಿಜಾಮರು ಆಳಿದ್ದರು, ಇಲ್ಲಿ ಮುಂಬೈ ಸರ್ಕಾರ. ಹೀಗಾಗಿ ಮುಂಡರಗಿಯ ಮಗುವಿಗೆ ಆ ಕಲಮಿಲ್ಲ.

ಪಟ್ಟಣದೊಳಗೂ ಎಲ್ಲ ಎ ವಲಯದ ಸುಖವಿಲ್ಲ. ಹಳೇ ಹುಬ್ಬಳ್ಳಿಯ ಉರ್ದು ಶಾಲೆಗೆ ಬಸ್ಸಿನ ತೊಂದರೆ ಇಲ್ಲ, 15 ಶೇಕಡಾ ಭತ್ಯೆಯೂ ಇದೆ. ಆದರೆ ಉರ್ದುವಿನಲ್ಲಿ ಗಣಿತ, ವಿಜ್ಞಾನ ಕಲಿಸಬಲ್ಲವರು ಸಿಗುವುದು ದುರ್ಲಭ. ಸವಣೂರು, ಲಕ್ಷ್ಮೇಶ್ವರದಲ್ಲಿ ಈ ಪೇಚು ಇನ್ನೂ ಬಿಗಿ. ವಲಯದ ಲೆಕ್ಕ ಊರಿನ ದೂರವನ್ನಷ್ಟೇ ಅಳೆಯುತ್ತದೆ.

ಇವೆಲ್ಲದರ ಸಂದಿಯಲ್ಲಿ ನಿಂತವರು ಅತಿಥಿ ಶಿಕ್ಷಕರು. 2022ರಲ್ಲಿ ಪ್ರಾಥಮಿಕಕ್ಕೆ ಅವರ ಗೌರವಧನ 7,500ರಿಂದ 10,000 ರೂಪಾಯಿಗೆ ಏರಿತು. 2025ರ ಬಜೆಟ್ ಇನ್ನೆರಡು ಸಾವಿರ ಸೇರಿಸಿತು. ಏಪ್ರಿಲ್, ಮೇ ತಿಂಗಳಿಗೆ ಏನೂ ಇಲ್ಲ. ನಲಿ-ಕಲಿ ಪದ್ಧತಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಬಂದದ್ದೇ ಒಬ್ಬ ಶಿಕ್ಷಕರು ಹಲವು ತರಗತಿಯ ಮಕ್ಕಳನ್ನು ಒಟ್ಟಿಗೆ ನಡೆಸಲಿ ಎಂದು. ಆ ಕಾರ್ಡು, ಏಣಿ, ತಟ್ಟೆಗಳ ಲೆಕ್ಕ ತರಬೇತಿಯಿಲ್ಲದೆ ತಲೆಗೆ ಹತ್ತುವುದಿಲ್ಲ. ಅತಿಥಿಗಳಿಗೆ ಆ ತರಬೇತಿ ಸಿಗುವುದು ಅಪರೂಪ. ಹೇಗಿದ್ದರೂ ಮಾರ್ಚಿಗೆ ಹೋಗುವವರಲ್ಲವೇ.

2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರೂ ಟಿಇಟಿ ಪಾಸಾಗಬೇಕು ಎಂದಿತು. ಇಪ್ಪತ್ತೈದು ವರ್ಷ ಕಲಿಸಿದ ಮಾಸ್ತರು ಈಗ ಬಹುಆಯ್ಕೆ ಪ್ರಶ್ನೆಯ ಪುಸ್ತಕ ಕೊಳ್ಳಲು ಸಪ್ತಾಪುರಕ್ಕೇ ಬರುತ್ತಾರೆ. ಕೌಶಲವನ್ನು ಅಳೆಯಬೇಕು ಎಂಬುದಕ್ಕೆ ನನ್ನ ವಿರೋಧವಿಲ್ಲ. ಒಂದನೇ ತರಗತಿಯ ಅಳುವ ಮಗುವನ್ನು ಮೂರು ದಿನದಲ್ಲಿ ನಗಿಸುವವರನ್ನು ಯಾವ ಓಎಂಆರ್ ಹಾಳೆ ಹಿಡಿದೀತು ಎಂಬುದು ಮಾತ್ರ ತಿಳಿಯುತ್ತಿಲ್ಲ.

ನನ್ನ ಪರಿಚಯದ ಅತಿಥಿ ಶಿಕ್ಷಕಿಯೊಬ್ಬರು ಶನಿವಾರ ಬೆಳಗಿನ ಸಾಲಿ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಸಪ್ತಾಪುರಕ್ಕೆ ಬರುತ್ತಾರೆ, ಭಾನುವಾರ ಸಂಜೆವರೆಗೆ ಓದುತ್ತಾರೆ. ಊರಿನ ಆರನೇ ತರಗತಿಗೆ ಭಿನ್ನರಾಶಿ ಹತ್ತಿದ್ದು ಈ ವರ್ಷ ಇವರ ಕೈಯಲ್ಲಿ. ಅಧಿಸೂಚನೆ ಬಂದರೆ ಪರೀಕ್ಷೆಗೆ ಎರಡು ತಿಂಗಳು ಮೊದಲೇ ಸಾಲಿ ಬಿಡಬೇಕು, ಬಿಡದೆ ಗತಿಯಿಲ್ಲ ಎನ್ನುತ್ತಾರೆ. ಪಾಸಾದರೆ ಎಲ್ಲಿ ಹಾಕಬಹುದು ಎಂದು ಕೇಳಿದೆ. "ಹೊಸಬರಿಗೆ ಇನ್ನೆಲ್ಲಿ ರೀ, ಸಿ ವಲಯ" ಎಂದು ನಕ್ಕರು. ಈಗ ಕಲಿಸುತ್ತಿರುವ ಊರೂ ಅದೇ ವಲಯದ್ದು. ಆ ಊರಿಗೇ ಕೇಳಬಹುದಲ್ಲ ಎಂದರೆ, ಅಲ್ಲಿ ಆ ಹುದ್ದೆ ಖಾಲಿ ಎಂದು ಪಟ್ಟಿಯಲ್ಲಿ ಬಂದರೆ ತಾನೇ, ಎಂದರು.