ಲಾಂಛನ ಅಂಗಿಗೆ ಬೇಡ, ಬಾವುಟಕ್ಕಿರಲಿ

ಈಚೆಗೆ ಒಬ್ಬರು ನಲವತ್ತು ಕಾಲಾಳುಗಳ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟರು. ಬಣ್ಣ ಹಚ್ಚಿ, ಮೇಜಿನ ಮೇಲೆ ಹಳೆಯ ಕದನಗಳನ್ನು ಆಟವಾಗಿ ಆಡಲು ಬಳಸುವ 28 ಮಿ.ಮೀ. ಅಳತೆಯ ಪ್ಲಾಸ್ಟಿಕ್ ಸೈನಿಕರು, 1450ರಿಂದ 1500ರ ನಡುವಿನ ಯುರೋಪಿನವರು. "ಇವರನ್ನೇ ಇಂಗ್ಲೆಂಡಿನ ಗುಲಾಬಿ ಯುದ್ಧಗಳಿಗೂ ಇಳಿಸಬೇಕು, ಬರ್ಗಂಡಿಯ ಪರವಾಗಿಯೂ ಇಳಿಸಬೇಕು. ಆಗುತ್ತಾ ಸರ್?" ಎಂದು ಕೇಳಿದರು. ಗುಲಾಬಿ ಯುದ್ಧಗಳು ಅಂದರೆ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳು ಇಂಗ್ಲೆಂಡಿನ ಸಿಂಹಾಸನಕ್ಕಾಗಿ ನಡೆಸಿದ ಕಾದಾಟ; ಬರ್ಗಂಡಿ ಅಂದರೆ ಫ್ರಾನ್ಸಿನ ಪಕ್ಕದ, ಡ್ಯೂಕ್ ಆಳುತ್ತಿದ್ದ ಸಂಸ್ಥಾನ. ಖಂಡಿತ ಆಗುತ್ತದೆ. ಆದರೆ ಕುಂಚ ಹಿಡಿಯುವ ಮೊದಲೇ ಆ ತೀರ್ಮಾನ ಆಗಿರಬೇಕು.

ನನಗೆ ಇದು ಗೊತ್ತಾಗಿದ್ದು ತಡವಾಗಿ. ನನ್ನ ಮೊದಲ ಸೈನ್ಯದಲ್ಲಿ ಪ್ರತಿಯೊಬ್ಬನ ಅಂಗಿಯನ್ನೂ ಅರ್ಧ ನೀಲಿ, ಅರ್ಧ ಮರ್ರಿ ಮಾಡಿದ್ದೆ. ಮರ್ರಿ ಅಂದರೆ ಹಿಪ್ಪುನೇರಳೆ ಹಣ್ಣಿನ ಬಣ್ಣ. ಇವು ಯಾರ್ಕ್ ಮನೆತನದ ಬಣ್ಣಗಳು. ಎದೆಯ ಮೇಲೆ ಪುಟ್ಟ ಬಿಳಿ ಗುಲಾಬಿ ಬೇರೆ. ಮೂರು ತಿಂಗಳು ಹಿಡಿಯಿತು. 1461ರ ಟೌಟನ್ ಕದನ ಆಡುವಾಗ ನೋಡಲು ಹಬ್ಬದ ಹಾಗಿತ್ತು. ಆಮೇಲೆ ಬರ್ಗಂಡಿಯವರು ಸ್ವಿಸ್ಸರ ವಿರುದ್ಧ ಕಾದಿದ 1476ರ ಗ್ರಾಂಸೋನ್ ಕದನ ಆಡೋಣ ಅಂದಾಗ ಅವರಲ್ಲಿ ಒಬ್ಬನೂ ಕೆಲಸಕ್ಕೆ ಬರಲಿಲ್ಲ.

ಒಂದೇ ಸೈನಿಕ ಎರಡು ದೇಶಕ್ಕೆ ಆಗುವುದು ಸುಮ್ನೆ ಆಟದ ಅನುಕೂಲಕ್ಕಲ್ಲ. ಆ ಕಾಲದಲ್ಲಿ ಅದು ನಿಜವಾಗಿಯೂ ಇತ್ತು. 1461ರ ಫೆಬ್ರವರಿಯಲ್ಲಿ ನಡೆದ ಎರಡನೇ ಸೇಂಟ್ ಆಲ್ಬನ್ಸ್ ಕದನದಲ್ಲಿ, ಆಗ ಯಾರ್ಕ್ ಪಕ್ಷದಲ್ಲಿದ್ದ ಇಂಗ್ಲಿಷ್ ಸರದಾರ ವಾರಿಕ್‌ನ ಅರ್ಲ್‌ನ ಪರ ಬರ್ಗಂಡಿಯ ಕೈಬಂದೂಕಿನವರಿದ್ದರು. ಬರ್ಗಂಡಿಯ ಡ್ಯೂಕ್ ಚಾರ್ಲ್ಸ್‌ನ ಸೈನ್ಯದಲ್ಲಿ ಇಂಗ್ಲಿಷ್ ಬಿಲ್ಲುಗಾರರಿದ್ದರು. ಇಂಗ್ಲೆಂಡಿನಲ್ಲೇ ನಡೆದ 1487ರ ಸ್ಟೋಕ್ ಕದನಕ್ಕೆ ಜರ್ಮನ್ ದಳಪತಿ ಮಾರ್ಟಿನ್ ಶ್ವಾರ್ಟ್ಸ್‌ನ ಜೊತೆ ಸುಮಾರು 2000 ಜರ್ಮನ್ ಮತ್ತು ಸ್ವಿಸ್ ಬಾಡಿಗೆ ಸೈನಿಕರು ಬಂದಿದ್ದರು. ಹಿಂಬದಿ ಬಾಲದ ಹಾಗೆ ಚಾಚಿದ ಸ್ಯಾಲೆಟ್ ಶಿರಸ್ತ್ರಾಣ, ದಪ್ಪ ಹೊಲಿಗೆಯ ಅಂಗಿ, ಬಿಗಿಯಾದ ಉಣ್ಣೆ ಕಾಲುಚೀಲ ಎರಡೂ ಕಡೆ ಕಾಣುತ್ತವೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಇವರನ್ನು 1415ರ ಅಜಿನ್‌ಕೋರ್ಟ್‌ಗೆ ಒಯ್ಯಬೇಡಿ. ಆಗಿನ ಶಿರಸ್ತ್ರಾಣವೇ ಬೇರೆ.

ಹಾಗಾದರೆ ಗುರುತು ಎಲ್ಲಿರಬೇಕು? 1471ರ ಬಾರ್ನೆಟ್ ಕದನ ನೆನಪಿಸಿಕೊಳ್ಳಿ. ದಟ್ಟ ಮಂಜು. ಆಕ್ಸ್‌ಫರ್ಡ್‌ನ ಅರ್ಲ್‌ನ ಲಾಂಛನ ಕಿರಣ ಬಿಡುವ ನಕ್ಷತ್ರ, ಎದುರಾಳಿ, ಯಾರ್ಕ್ ಮನೆತನದ ರಾಜ ನಾಲ್ಕನೇ ಎಡ್ವರ್ಡ್‌ನದು ಕಿರಣ ಬಿಡುವ ಸೂರ್ಯ. ಒಂದನ್ನು ಇನ್ನೊಂದೆಂದು ತಿಳಿದು, ಈ ಹೊತ್ತಿಗೆ ಎಡ್ವರ್ಡ್‌ನ ವಿರುದ್ಧ ಪಕ್ಷಕ್ಕೆ ಸೇರಿದ್ದ ವಾರಿಕ್‌ನ ಕಡೆಯವರು ತಮ್ಮದೇ ಪಕ್ಷದ ಆಕ್ಸ್‌ಫರ್ಡ್ ಸೈನಿಕರ ಮೇಲೆ ಬಾಣ ಬಿಟ್ಟರು ಎನ್ನುತ್ತದೆ ಆ ಕಾಲದ ವೃತ್ತಾಂತ. ಕಣ್ಣು ಮೊದಲು ಹುಡುಕುವುದೇ ಲಾಂಛನವನ್ನು. ಆಟದ ಮೇಜಿನಲ್ಲೂ ಅಷ್ಟೇ. ಮೂರಡಿ ದೂರ ನಿಂತವರಿಗೆ ಬಾವುಟ ಕಾಣುತ್ತದೆ, ಎದೆ ಮೇಲಿನ ಗುಲಾಬಿ ಕಾಣುವುದಿಲ್ಲ.

ಅದಕ್ಕೇ ನಲವತ್ತರಲ್ಲಿ ಮೂವತ್ತೆರಡು ಜನರಿಗೆ ನಾನು ಯಾರ ಲಾಂಛನವನ್ನೂ ಹಾಕಲಿಲ್ಲ. ಅವರಲ್ಲಿ ಅರ್ಧದಷ್ಟು ಜನರಿಗೆ ಜ್ಯಾಕ್ ಎಂಬ ಅಂಗಿ. ನಾರುಬಟ್ಟೆಯನ್ನು ಪದರದ ಮೇಲೆ ಪದರ ಇಟ್ಟು, ನಮ್ಮ ಕೌದಿಯ ಹಾಗೆ ಸಾಲುಸಾಲಾಗಿ ಹೊಲಿದದ್ದು. ಕೌದಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರಿಗೆ ಇದಕ್ಕೆ ಬಣ್ಣ ಹಚ್ಚುವುದು ಸುಲಭ. ಹೊಲಿಗೆ ಬಿದ್ದ ಜಾಗ ತಗ್ಗು, ನೆರಳು. ನಡುವಿನ ಉಬ್ಬು ಬೆಳಕು.

ಕೆಲಸ ಹೀಗೆ. ಮೊದಲು ಖಾಕಿಗೆ ಹತ್ತಿರದ ಕಂದು ಬಣ್ಣ, ತೆಳ್ಳಗೆ ಎರಡು ಸಲ. ಅದರ ಮೇಲೆ ನೀರು ಜಾಸ್ತಿ ಬೆರೆಸಿದ ಗಾಢ ಕಂದು ವಾಶ್. ಅದು ತಾನಾಗಿ ಹೊಲಿಗೆಯ ತಗ್ಗಿಗೆ ಇಳಿದು ನಿಲ್ಲುತ್ತದೆ. ಪೂರ್ತಿ ಒಣಗಲು ಬಿಡಿ, ಅವಸರ ಬೇಡ. ಆಮೇಲೆ ಹಾಲುಕೆನೆಯ ಬಣ್ಣ ತೆಗೆದುಕೊಂಡು ಒಂದೊಂದೇ ಉಬ್ಬಿನ ಮೇಲೆ ಮೇಲಿಂದ ಕೆಳಗೆ ಒಂದು ಎಳೆತ. ಹೊಲಿಗೆ ಗೆರೆಯನ್ನು ಮುಟ್ಟಬೇಡಿ. ಕೊನೆಗೆ ಭುಜ ಮತ್ತು ಎದೆಯ ಮೇಲ್ಭಾಗಕ್ಕೆ ಮಾತ್ರ ಇನ್ನೂ ತಿಳಿಯಾದ ಛಾಯೆ. ಅಚ್ಚ ಬಿಳಿ ಹಚ್ಚಿದರೆ ಈಗಷ್ಟೇ ಒಗೆದು ಇಸ್ತ್ರಿ ಮಾಡಿದ ಹಾಗೆ ಕಾಣುತ್ತದೆ. ಇದಕ್ಕೆ ಅತಿ ಸಣ್ಣ ಕುಂಚ ಬೇಕೆಂದು ಅನೇಕರು ಅಂದುಕೊಂಡಿದ್ದಾರೆ. ನಾನು ಬಳಸುವುದು 1ನೇ ನಂಬರಿನ ಕುಂಚ. ತುದಿ ಚೂಪಾಗಿದ್ದರೆ ಸಾಕು. ತೀರಾ ಸಣ್ಣದರಲ್ಲಿ ಬಣ್ಣ ಅಂಗಿಗೆ ತಲುಪುವ ಮೊದಲೇ ಒಣಗಿಬಿಡುತ್ತದೆ, ಅಲ್ವಾ?

ಉಳಿದವರಿಗೆ ಉಣ್ಣೆಯ ಅಂಗಿ, ಒಂದೇ ಬಣ್ಣದ್ದು. ಆಗಿನ ಸಾಮಾನ್ಯ ಕೆಂಪು ಬರುತ್ತಿದ್ದದ್ದು ಮ್ಯಾಡರ್ ಗಿಡದ ಬೇರಿನಿಂದ. ನಮ್ಮ ಮಂಜಿಷ್ಠ ಅದರ ಹತ್ತಿರದ ಸಂಬಂಧಿ. ಹಾಗಾಗಿ ಆ ಕೆಂಪು ಇಟ್ಟಿಗೆ ಕಡೆಗೆ ವಾಲುತ್ತದೆ, ಕುಂಕುಮದ ಕಡೆಗಲ್ಲ. ನೀಲಿ ವೋಡ್ ಗಿಡದ ಎಲೆಯಿಂದ; ಅದರಲ್ಲಿರುವುದು ನಮ್ಮ ನೀಲಿ ಗಿಡದ ಬಣ್ಣವೇ. ಹಳದಿಯ ಮೇಲೆ ನೀಲಿ ಅದ್ದಿದರೆ ಹಸಿರು. ಡಬ್ಬಿಯಿಂದ ತೆಗೆದ ಬಣ್ಣಕ್ಕೆ ಒಂದು ಹನಿ ಕಂದು ಸೇರಿಸಿ ಅದರ ಹೊಳಪು ತಗ್ಗಿಸಿ. ಕಾಲುಚೀಲಗಳಿಗೂ ಇವೇ ಬಣ್ಣ ಬಳಸಿ, ಆದರೆ ಅಂಗಿಗಿಂತ ಬೇರೆಯದು ಇರಲಿ.

ಕಬ್ಬಿಣದ ಭಾಗಕ್ಕೆ ಕಪ್ಪು, ಅದರ ಮೇಲೆ ಗಾಢ ಉಕ್ಕಿನ ಬಣ್ಣ, ಅಂಚಿಗೆ ಬೆಳ್ಳಿ. ಅಷ್ಟು ಸಾಕು.

ಉಳಿದ ಎಂಟು ಜನರೇ ಊರು, ಒಡೆಯ ಎಲ್ಲ ಹೇಳುವವರು. ನಾಲ್ವರ ಎರಡು ತಂಡ ಮಾಡಿದೆ: ನಾಯಕ, ಬಾವುಟದವನು, ನಗಾರಿಯವನು, ಅಂಗರಕ್ಷಕ. ಒಂದು ತಂಡಕ್ಕೆ ನೀಲಿ ಮತ್ತು ಮರ್ರಿ. ಇನ್ನೊಂದಕ್ಕೆ ಅರ್ಧ ಬಿಳಿ ಅರ್ಧ ನೀಲಿ ಅಂಗಿ, ಅದರ ಮೇಲೆ ಓರೆಯಾದ ಕೆಂಪು ಶಿಲುಬೆ. ಇದು ಚಾರ್ಲ್ಸ್ ತನ್ನ ಸೈನ್ಯಕ್ಕೆ ಕೊಟ್ಟ ಸಮವಸ್ತ್ರ. ಎರಡೂ ತಂಡದ ಬೇಸ್, ಅಂದರೆ ಸೈನಿಕರು ನಿಲ್ಲುವ ತಳದ ತಟ್ಟೆ, ಒಂದೇ ಅಳತೆಯದು, ಅಡಿಯಲ್ಲಿ ಅಯಸ್ಕಾಂತದ ಹಾಳೆ. ಬೇಸ್‌ಗಳನ್ನು ಜೋಡಿಸಿಡುವ ಟ್ರೇಯ ಮುಂದಿನ ಸಾಲಿನಿಂದ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಸೈನ್ಯವೇ ಬದಲಾಗುತ್ತದೆ. ಮಿಕ್ಕ ಬೇಸ್‌ಗಳಲ್ಲೂ ಎರಡಕ್ಕೆ ಸಣ್ಣ ಹಿತ್ತಾಳೆ ಕೊಳವೆ ನೆಟ್ಟಿದ್ದೇನೆ. ತಂತಿಗೆ ಸುತ್ತಿದ ಕಾಗದದ ಬಾವುಟವನ್ನು ಬೇಕಾದಾಗ ಅದರಲ್ಲಿ ಸಿಕ್ಕಿಸಬಹುದು. ಕಾಗದದ ಬಿಳಿ ಅಂಚಿಗೂ ಬಣ್ಣ ಮುಟ್ಟಿಸಲು ಮರೆಯಬೇಡಿ.

ಕೊನೆಗೆ ವಾರ್ನಿಶ್. ಮಳೆಗಾಲದಲ್ಲಿ ಮ್ಯಾಟ್, ಅಂದರೆ ಹೊಳಪಿಲ್ಲದ, ಸ್ಪ್ರೇ ಹೊಡೆಯಲೇಬೇಡಿ. ಗಾಳಿಯ ತೇವಕ್ಕೆ ಅದು ಬೂದಿ ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಒಂದು ಜುಲೈಯಲ್ಲಿ ನಾನು ಹನ್ನೆರಡು ಜನರನ್ನು ಹೀಗೆ ಕೆಡಿಸಿಕೊಂಡಿದ್ದೇನೆ. ಜಡಿಮಳೆಯ ವಾರಗಳಲ್ಲಿ ಕುಂಚದಿಂದಲೇ ಹಚ್ಚಿ. ಅದು ಒಣಗಿದ ಮೇಲೆ ಶಿರಸ್ತ್ರಾಣಗಳಿಗೆ ಮಾತ್ರ ಒಂದು ಹನಿ ಹೊಳಪಿನ ವಾರ್ನಿಶ್ ಮುಟ್ಟಿಸಿ. ಉಕ್ಕು ಮತ್ತೆ ಉಕ್ಕಿನ ಹಾಗೆ ಮಿಂಚುತ್ತದೆ, ಪಕ್ಕದಲ್ಲೇ ಉಣ್ಣೆ ಉಣ್ಣೆಯಾಗಿಯೇ ಉಳಿಯುತ್ತದೆ.